ವಕೀಲರು ಕಲಿತ ಶಬ್ದಕೋಡೆ

ನಿಲಂಗಾದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಮರಾಠಿ ಕಲಿಸುತ್ತಿದ್ದೆ. ಮನೆಮಾತು ಕನ್ನಡ. ಸೋಲಾಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದ್ದರಿಂದ ಮರಾಠಿ ನನಗೆ ಅಷ್ಟೇ ಸಲೀಸು. ವಾರಪತ್ರಿಕೆಯ ಶಬ್ದಕೋಡೆ, ಅಂದರೆ ಪದಬಂಧ, ಬಿಡಿಸುವುದರಲ್ಲಿ ಊರಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ಸಂಕೋಚವಿರಲಿಲ್ಲ.

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಕೋರ್ಟಿನ ಕಾಗದಗಳು ಮೆಲ್ಲಗೆ ಉರ್ದುವಿನಿಂದ ಮರಾಠಿಗೆ ಬರತೊಡಗಿದವು. ಪಕ್ಕದ ಮನೆಯ ವಕೀಲರು ಇಪ್ಪತ್ತು ವರ್ಷ ಉರ್ದುವಿನಲ್ಲೇ ವಾದ ಮಾಡಿದವರು. ಪೇಟೆಯ ಮರಾಠಿ ಬರುತ್ತಿತ್ತು, ಬರವಣಿಗೆಯದು ಬರುತ್ತಿರಲಿಲ್ಲ. ಒಂದು ಭಾನುವಾರ ನಮ್ಮ ಧಾನ್ಯದ ಅಂಗಡಿಗೆ ಬಂದು, ಅಪ್ಪನ ಎದುರೇ ಕೇಳಿದರು: “ಬಾಯೀರ, ನನಗ ಮರಾಠಿ ಕಲಸ್ತೀರೇನು? ಹುಡುಗೂರ ಪುಸ್ತಕ ಮಾತ್ರ ಬ್ಯಾಡ.”

“ಹಂಗಾದ್ರ ಕೋಡೆ ಬಿಡಸೋಣು ಬರ್ರಿ, ಕಾಕಾ” ಎಂದೆ.

ಈ ಕೋಡೆಯ ಸುಳಿವುಗಳು ನೆಟ್ಟಗಿರುವುದಿಲ್ಲ, ಅಕ್ಷರಗಳ ಆಟ ಒಳಗೆ ಅಡಗಿರುತ್ತದೆ ಎಂದು ವಿವರಿಸಿದೆ. “ಕಾಡು ತಿರುವಿದರೆ ಹೊಸದು” ಎಂದಿದ್ದರೆ ಉತ್ತರ ‘ನವ’. ‘ವನ’ವನ್ನು ಹಿಂದುಮುಂದಾಗಿ ಓದಬೇಕು. ವಕೀಲರಿಗೆ ಅಲ್ಲೇ ಹುಚ್ಚು ಹಿಡಿಯಿತು. “ಇದು ಪಾಟೀಸವಾಲಿನಂಗೇ ಅದ. ಸಾಕ್ಷಿ ಹೇಳೋದು ಒಂದು, ಮನಸಿನಾಗಿರೋದು ಒಂದು.”

ಅಂದಿನಿಂದ ಪತ್ರಿಕೆಯ ಬಸ್ಸು ಬರುವುದಕ್ಕೂ ಅವರು ಅಂಗಡಿಯ ಮೆಟ್ಟಿಲೇರುವುದಕ್ಕೂ ಸರಿಹೋಗುತ್ತಿತ್ತು. ಮರಾಠಿ ಅಕ್ಷರ ಓದಲು ಬಾರದ ಅಪ್ಪನೂ ತಕ್ಕಡಿ ಬಿಟ್ಟು ಕಿವಿಗೊಡತೊಡಗಿದರು.

ಒಮ್ಮೆ ಒಂದು ಸುಳಿವಿಗೆ ನಾನೇ ತಡವರಿಸಿದೆ: ರಾಜ ಉರುಳಿತು, ಸ್ವಲ್ಪ ಉಳಿಯಿತು, ಎರಡಕ್ಷರ. ಮರಾಠಿಯಲ್ಲಿ ರಾಜ ಎಂದರೆ ಆಳ್ವಿಕೆ. ಸ್ವಲ್ಪ ಎಂಬುದಕ್ಕೆ ನನಗೆ ಗೊತ್ತಿದ್ದ ಸಂಸ್ಕೃತ ಪದಗಳನ್ನೆಲ್ಲ ಹಾಕಿ ನೋಡಿದೆ. ವಕೀಲರು ಮೆಲ್ಲಗೆ ನಕ್ಕರು.

“ರಾಜ ತಿರುವ್ರಿ. ಜರಾ. ಜರಾ ಅಂದ್ರ ಸ್ವಲ್ಪ. ನಮ್ಮ ಉರ್ದೂ ಮಾತು ನಿಮ್ಮ ಮರಾಠಿ ಕೋಡೆದಾಗ ಕುಂತದ ನೋಡ್ರಿ.”

ಸೋತದ್ದು ನಾನು, ಆದರೂ ಖುಷಿಯಾಯಿತು. ತಮ್ಮ ಭಾಷೆ ಪೂರ್ತಿ ವ್ಯರ್ಥವಾಗಿಲ್ಲ ಎಂಬ ಧೈರ್ಯ ಆ ಹೊತ್ತು ಅವರ ಮುಖದಲ್ಲಿ ಕಂಡಿತು.

ಆ ಮಳೆಗಾಲದಲ್ಲೇ ಶಿರೂರಿನ ಒಂದು ಹೊಲದ ದಾವೆಯಲ್ಲಿ ಅವರು ಮೊದಲ ಸಲ ಮರಾಠಿಯಲ್ಲಿ ವಾದಿಸಿದರು. ಮರಾಠಿ ಬಲ್ಲ ಕಿರಿಯ ವಕೀಲರನ್ನು ಜೊತೆಗಿಟ್ಟುಕೊಳ್ಳಿ ಎಂದು ನ್ಯಾಯಾಧೀಶರು ಸೂಚಿಸಿದರಂತೆ. ಬೇಕಾಗಿಲ್ಲ ಎಂದು ಕೈಮುಗಿದು, ಕೊನೆಯವರೆಗೂ ತಾವೇ ವಾದಿಸಿ ದಾವೆ ಗೆದ್ದು ಬಂದರು.

ಮರಾಠಿಯ ಭಯ ಹೋದ ಮೇಲೆ ನಮ್ಮದೇ ಕನ್ನಡ ಕೋಡೆ ಕಟ್ಟುವ ಹಟ ಹುಟ್ಟಿತು. ಮೊದಲ ಸುಳಿವು ಅಪ್ಪನದು: ಸಮುದ್ರದ ಕೊನೆಯ ಅಕ್ಷರ ತಿದ್ದಿದರೆ ಬೆಲ್ಲದ ಜೊತೆ ತಿನ್ನಬಹುದು.

“ಕಡಲು, ಕಡಲೆ” ಎಂದೆ ನಾನು.

“ಇದು ನಡಿಯಂಗಿಲ್ಲ” ಎಂದರು ವಕೀಲರು. “ಸಾವಕಾರ್ರ, ಅಂಗಡ್ಯಾಗ ದಿನಾ ಕಡ್ಲಿ ಅಂತೀರಿ, ಕೋಡೆದಾಗ ಕಡಲೆ ಅಂತೀರಿ.”

“ಮಾರೋ ಮಾತು ಬ್ಯಾರೆ, ಬರಿಯೋ ಮಾತು ಬ್ಯಾರೆ” ಎಂದರು ಅಪ್ಪ.

ಇಬ್ಬರೂ ತೀರ್ಪಿಗಾಗಿ ನನ್ನ ಕಡೆ ತಿರುಗಿದರು. ನಾನು ಅಪ್ಪನ ಪರ ತೀರ್ಪು ಕೊಟ್ಟೆ. ವಕೀಲರು ಅಪೀಲು ಮಾಡುತ್ತೇನೆಂದು ಹೇಳುತ್ತಲೇ ಮುಂದಿನ ಸುಳಿವಿಗೆ ಪೆನ್ಸಿಲ್ ಚೂಪು ಮಾಡಿಕೊಂಡರು.