ಇಂಟರ್ವಲ್ ಆದ ಮೇಲಿನ ಕಥೆ

ನಮ್ಮ ವಾರಪತ್ರಿಕೆಯ ಕೊನೆಯ ಪುಟದಲ್ಲಿ ‘ಈ ವಾರ ನಾ ಮೆಚ್ಚಿದ್ದು’ ಎಂಬ ಅಂಕಣ ಬರುತ್ತಿತ್ತು. ಒಂದು ಸಿನಿಮಾ, ಒಂದು ಹಾಸ್ಯ ಕಾರ್ಯಕ್ರಮ, ಒಂದು ಹಾಡು, ಒಂದು ಪುಸ್ತಕ. ಬರೆಯುತ್ತಿದ್ದವರನ್ನು ಕಚೇರಿಯಲ್ಲಿ ನಾವು ಮೆಚ್ಚುಗೆರಾಯರು ಎನ್ನುತ್ತಿದ್ದೆವು. ರಾಯರಿಗೆ ಅದು ಬಿರುದಿನಂತೆ ಕೇಳಿಸುತ್ತಿತ್ತು. ನಾವೂ ತಿದ್ದಲು ಹೋಗಲಿಲ್ಲ.

ನಾಲ್ಕರಲ್ಲಿ ರಾಯರು ಸ್ವತಃ ಮುಟ್ಟುತ್ತಿದ್ದುದು ಪುಸ್ತಕವನ್ನು ಮಾತ್ರ, ಅದೂ ಮುನ್ನುಡಿಯವರೆಗೆ. ಉಳಿದದ್ದೆಲ್ಲ ಹೆಂಡತಿಯ ಪಾಲು. ಗುರುವಾರ ಮಧ್ಯಾಹ್ನದ ಆಟಕ್ಕೆ ಆಕೆ ಒಬ್ಬರೇ ಹೋಗಿ ಬಂದು, ಸಂಜೆ ತರಕಾರಿ ಹೆಚ್ಚುತ್ತ ಕಥೆ ಹೇಳುತ್ತಿದ್ದರು. ಹಾಡು ಗುನುಗುತ್ತಿದ್ದರು. ರೇಡಿಯೋದಲ್ಲಿ ಕೇಳಿದ ಹಾಸ್ಯಗಾರನ ದನಿ ಅನುಕರಿಸುವಾಗ ಚಾಕು ಕೆಳಗಿಟ್ಟು ಬಿದ್ದು ಬಿದ್ದು ನಗುತ್ತಿದ್ದರು. ರಾಯರು ಮಾತ್ರ ನಗದೆ, ಪೆನ್ನಿನ ತುದಿ ಕಚ್ಚಿ, ‘ಈ ದೃಶ್ಯದಲ್ಲಿ ನನ್ನ ಕಣ್ಣು ತೇವವಾಯಿತು’ ಎಂದು ಬರೆದುಕೊಳ್ಳುತ್ತಿದ್ದರು.

ಚಪ್ಪಲಿ ಮೆಟ್ಟುವಾಗ ಆಕೆ ಪ್ರತಿ ಸಲವೂ ನೀವೂ ಬನ್ನಿ ಎಂದು ಕರೆಯುತ್ತಿದ್ದರು. ವಿಮರ್ಶಕನಾದವನು ಜನರ ನಡುವೆ ಕೂತರೆ ಗುರುತು ಹಿಡಿದು ಮುತ್ತಿಕೊಳ್ಳುತ್ತಾರೆಂಬುದು ರಾಯರ ಆತಂಕ. ಅವರನ್ನು ಹಾಲಿನವನೂ ಸರಿಯಾಗಿ ಗುರುತಿಸುತ್ತಿರಲಿಲ್ಲ, ಆ ಮಾತು ಬೇರೆ.

ಆಮೇಲೆ ಆಕೆಯ ಕಣ್ಣು ಮಂಜಾಗುತ್ತ ಬಂತು. ಶಸ್ತ್ರಚಿಕಿತ್ಸೆಯೂ ಫಲಿಸಲಿಲ್ಲ, ಬೆಳಕಿದೆಯೋ ಇಲ್ಲವೋ ಎಂದು ತಿಳಿಯುವಷ್ಟೇ ದೃಷ್ಟಿ ಉಳಿಯಿತು. ಅಂಕಣ ನಿಲ್ಲುವಂತಿರಲಿಲ್ಲ. ರಾಯರು ಮೊದಲ ಸಲ ತಾವೇ ಟಿಕೆಟ್ ಕೊಂಡರು.

ಅಂದು ಮತ್ತೆ ತೆರೆಗೆ ಬಂದಿದ್ದುದು ಹಳೆಯ ಚಿತ್ರ. ಅವರೇ ಒಮ್ಮೆ ಹೊಗಳಿದ್ದು. ಮುನಿಸಿಕೊಂಡು ಹೋಗಿದ್ದ ಅಕ್ಕ ಕೊನೆಯಲ್ಲಿ ಮರಳಿ, ತಮ್ಮನ ದರ್ಜಿ ಅಂಗಡಿಯಲ್ಲಿ ಮಾತಿಲ್ಲದೆ ಗುಂಡಿ ಹೊಲಿಯುತ್ತ ಕೂರುವ ದೃಶ್ಯಕ್ಕೆ ರಾಯರ ಕಣ್ಣು ಅರ್ಧ ಪುಟದಷ್ಟು ತೇವವಾಗಿತ್ತು. ತೆರೆಯ ಮೇಲೆ ಅಕ್ಕ ಮರಳಲೇ ಇಲ್ಲ. ತಮ್ಮ ಯಾರನ್ನೋ ದೋಣಿಯಲ್ಲಿ ಅಟ್ಟಿಸಿಕೊಂಡು ಹೋಗಿ ಬಾರಿಸಿದ, ಚಿತ್ರ ಮುಗಿಯಿತು.

ಮನೆಗೆ ಬಂದವರೇ, ಚಿತ್ರದವರು ಕೊನೆಯನ್ನೇ ಬದಲಿಸಿ ಓದುಗರೆದುರು ತಮ್ಮ ಮಾನ ತೆಗೆದರೆಂದು ಕೂಗಾಡಿದರು. ಆಕೆ ಪೂರ್ತಿ ಕೇಳಿಸಿಕೊಂಡರು.

“ಅವರೇನೂ ಬದಲಾಯಿಸಿಲ್ಲ ರೀ. ನಾನು ಯಾವ ಸಿನಿಮಾನೂ ಇಂಟರ್ವಲ್ ಆದ್ಮೇಲೆ ನೋಡಿಲ್ಲ.”

“ಏನಂದೆ? ಇಷ್ಟು ವರ್ಷ?”

“ಲೈಟ್ ಹಾಕ್ತಿದ್ರಲ್ಲ, ಆಗ ನೋಡಿದ್ರೆ ಎಲ್ಲರ ಪಕ್ಕದಲ್ಲೂ ಯಾರಾದ್ರೂ ಒಬ್ರು ಇರ್ತಿದ್ರು. ಒಬ್ಬಳೇ ಕೂತಿರೋಕೆ ಒಂಥರಾ ಆಗೋದು. ಎದ್ದು ಬಂದ್ಬಿಡ್ತಿದ್ದೆ. ಉಳಿದದ್ದನ್ನ ದಾರೀಲಿ ಕಟ್ಕೊಂಡು ಬರ್ತಿದ್ದೆ.”

ಓದುಗರಿಂದ ಒಂದು ತಕರಾರೂ ಬಂದಿರಲಿಲ್ಲವೆಂದು ರಾಯರು ಮೊದಲಿನಿಂದಲೂ ಬೀಗುತ್ತಿದ್ದರು. ಅಂದು ಅದು ನೆನಪಿಗೆ ಬಂದರೂ ಬಾಯಿಗೆ ಬರಲಿಲ್ಲ. ಮುಂದಿನ ವಾರ ಇಬ್ಬರೂ ಹೋಗೋಣ ಎಂದರು, ತಡವರಿಸುತ್ತ.

“ಈಗ ನಾನೇನು ನೋಡ್ಲಿ? ನೀವೇ ಹೋಗ್ಬನ್ನಿ. ಬಂದು ಹೇಳಿ.”

ಹೋದರು. ಮಧ್ಯೆ ದೀಪ ಹತ್ತಿದಾಗ ಪಕ್ಕದ ಸೀಟಿನಲ್ಲಿ ಇದ್ದದ್ದು ಅವರದೇ ಕೊಡೆ. ಗುರುತು ಹಿಡಿದು ಯಾರೂ ಮುತ್ತಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಕೊಡೆ ಎತ್ತಿಕೊಂಡು ಹೊರಬಂದರು. ದಾರಿಯುದ್ದಕ್ಕೂ ಉಳಿದ ಕಥೆ ಕಟ್ಟಲು ತಿಣುಕಿದರು.

ಸಂಜೆ ಚಾಕು ಅವರ ಕೈಯಲ್ಲಿತ್ತು. ಹುರುಳಿಕಾಯಿ ದಪ್ಪದಪ್ಪ ಹೆಚ್ಚುತ್ತ ಕಥೆ ಹೇಳಿ, ಕೊನೆಗೆ ಹೀಗೆ ಮುಗಿಸಿದರು: ಯಾರೋ ಮರಳಿ ಬಂದರು, ಯಾರೋ ಅತ್ತರು, ಎಲ್ಲ ಸರಿಹೋಯಿತು.

ಆಕೆ ತಡಕಾಡಿ ಅವರ ಕೈಯಿಂದ ಚಾಕು ತೆಗೆದಿಟ್ಟರು.

“ಇಂಟರ್ವಲ್‌ವರೆಗೆ ಚೆನ್ನಾಗಿತ್ತು” ಎಂದರು.