ಅಂಚಿನಲ್ಲಿ ಬರೆದ ಇಪ್ಪತ್ತು ಬ್ಯಾಟುಗಳು

ಹಳೆಯ ತೊಗಲಿಗೆ ತೆಂಗಿನೆಣ್ಣೆ ಹಚ್ಚಿ ಬಿಸಿಲಿಗಿಟ್ಟರೆ ಒಂದು ವಾಸನೆ ಏಳುತ್ತದೆ. ಪೂರ್ತಿ ಅಡುಗೆಮನೆಯದೂ ಅಲ್ಲ, ಪೂರ್ತಿ ಚಪ್ಪಲಿ ಅಂಗಡಿಯದೂ ಅಲ್ಲ. ಇಂಗ್ಲೆಂಡಿನ ಲಫ್‌ಬರೋದ ನಮ್ಮ ಮನೆಯ ಬಾಗಿಲು ತೆರೆದೊಡನೆ ಬರುತ್ತಿದ್ದದ್ದು ಅದೇ ವಾಸನೆ. ಬಾಗಿಲ ಪಕ್ಕ, ಕೋಟುಗಳ ಕೆಳಗೆ, ಊರಿನ ಬೇಸ್‌ಬಾಲ್ ತಂಡದ ಉದ್ದನೆಯ ಚೀಲ ಬಿದ್ದಿರುತ್ತಿತ್ತು. ಚೆಂಡು ಹಿಡಿಯುವ ತೊಗಲಿನ ಕೈಗವಸುಗಳಿಗೆ ಹಚ್ಚಲು ಬೇರೆಯದೇ ಎಣ್ಣೆ ಸಿಗುತ್ತದೆಂದು ಯಾರೋ ಹೇಳಿದ್ದಕ್ಕೆ ಅಮ್ಮ, "ತಲೆಗೆ ಆಗೋದು ತೊಗಲಿಗೆ ಆಗಲ್ವಾ?" ಎಂದು ತನ್ನ ಡಬ್ಬಿಯನ್ನೇ ತೆರೆದಿದ್ದಳು. ತೊಂಬತ್ತರ ದಶಕದ ಕೊನೆಯ ಆ ಮೂರು ಬೇಸಿಗೆಗಳಲ್ಲಿ ತಂಡದವರ ಅಂಗೈಗಳೆಲ್ಲ ನಮ್ಮ ಮನೆಯ ಹಾಗೆ ನಾರುತ್ತಿದ್ದವು.

ತಂಡ ಕಟ್ಟಿದವನು ಟೆರಿ. ಬನಿಯನ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅವನು, ಯುದ್ಧಕಾಲದಲ್ಲಿ ಅಮೆರಿಕನ್ ಸೈನಿಕರಿಂದ ತನ್ನಪ್ಪ ಕಲಿತ ಆಟವನ್ನು ತನ್ನ ಜೊತೆಗಾರರಿಗೆ ಕಲಿಸಿದ. ಒಂದು ಕಾಲಕ್ಕೆ ಎರಡು ತಂಡಕ್ಕಾಗುವಷ್ಟು ಜನ ಇದ್ದರಂತೆ. ಕಾರ್ಖಾನೆ ಮುಚ್ಚಿತು, ಒಂಬತ್ತು ಜನ ಬೇಕಾದ ಆಟಕ್ಕೆ, ಕೆಳದರ್ಜೆಯ ಲೀಗಿನಲ್ಲಿ ಆಡಲು ಉಳಿದವರು ಎಂಟೇ ಜನ. ಒಂಬತ್ತನೆಯವನಾಗಿ ಸೇರಿದವನು ನಮ್ಮ ಸೀನು ಚಿಕ್ಕಪ್ಪ. ಅಪ್ಪನ ತಮ್ಮ, ಎಂಜಿನಿಯರಿಂಗ್ ಓದಲು ಮೈಸೂರಿನಿಂದ ಬಂದು ನಮ್ಮ ಮನೆಯಲ್ಲೇ ಇದ್ದ. ಅಪ್ಪ ಆಸ್ಪತ್ರೆಯ ಡಾಕ್ಟರು. ಭಾನುವಾರಗಳು ಹೆಚ್ಚಾಗಿ ಪಾಳಿ ಕೆಲಸಕ್ಕೇ ಹೋಗುತ್ತಿದ್ದವು. ಹಾಗಾಗಿ ಚಿಕ್ಕಪ್ಪ ನನ್ನನ್ನು ಮೈದಾನಕ್ಕೆ ಕರೆದೊಯ್ಯುತ್ತಿದ್ದ. ಟೆರಿ ನನ್ನ ಕೈಗೆ ಸ್ಕೋರ್‌ಬುಕ್ ಕೊಟ್ಟ.

ಬೇಸ್‌ಬಾಲಿನಲ್ಲಿ ಚೆಂಡು ಹೊಡೆದವನು ಬ್ಯಾಟನ್ನು ಅಲ್ಲೇ ಬಿಟ್ಟು ಓಡಬೇಕು. ಕ್ರಿಕೆಟ್ಟಿನಲ್ಲಿ ಬೆಳೆದ ಚಿಕ್ಕಪ್ಪನಿಗೆ ಬ್ಯಾಟು ಬಿಡಲು ಆಗುತ್ತಿರಲಿಲ್ಲ. "ಹದಿನೈದು ವರ್ಷ ಬ್ಯಾಟನ್ನ ಕ್ರೀಸಿಗೆ ಮುಟ್ಟಿಸಿ ಬದುಕಿದೋನು ಕಣೇ ನಾನು," ಎನ್ನುತ್ತಿದ್ದ. ಓಡಿ ಮುಟ್ಟಬೇಕಾದ ಮೊದಲ ಬೇಸಿನ ಪಕ್ಕ ನಿಂತ ಟೆರಿ ಪ್ರತಿ ಸಲವೂ ಕೂಗುತ್ತಿದ್ದ: "ಬಿಡು ಸೀನು, ಅದು ನಿನ್ನ ಹೆಂಡತಿಯಲ್ಲ!" ಹಾಗೆ ಓಡಿದಾಗಲೆಲ್ಲ ಮುಂದಿನ ವಾರ ನಮ್ಮ ಮನೆಯಿಂದ ಒಂದು ತಟ್ಟೆ ಬೋಂಡಾ ದಂಡ. ಮರೆಯದಿರಲೆಂದು ನಾನು ಸ್ಕೋರ್‌ಬುಕ್ಕಿನ ಅಂಚಿನಲ್ಲಿ ಒಂದು ಪುಟ್ಟ ಬ್ಯಾಟಿನ ಚಿತ್ರ ಬರೆಯಬೇಕಿತ್ತು. ಮೂರನೆಯ ಬೇಸಿಗೆಯ ಹೊತ್ತಿಗೆ ಹತ್ತೊಂಬತ್ತು ಆಗಿದ್ದವು.

ಬೇಲಿಯಾಚೆ ಕೂತು ಕುಡಿಯುತ್ತಿದ್ದ ಮೂವರು ಹುಡುಗರು ಆ ಬೇಸಿಗೆಯ ಉದ್ದಕ್ಕೂ ಇದ್ದರು. "ಏ ಪಾಕಿ, ಊರಿಗೆ ಹೋಗಿ ಆಡು," ಎಂದು ಚಿಕ್ಕಪ್ಪನನ್ನು ಕೂಗುತ್ತಿದ್ದರು, ಕಂದುಬಣ್ಣದವರಿಗೆಲ್ಲ ಅಲ್ಲಿ ಅದೇ ಬೈಗುಳ; ಒಮ್ಮೊಮ್ಮೆ ಕಲ್ಲು ಬರುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ, ನಮ್ಮವರಷ್ಟೇ ಅಭ್ಯಾಸಕ್ಕೆ ಆಡುತ್ತಿದ್ದಾಗ, ಚಿಕ್ಕಪ್ಪ ಹೊಡೆದ ಚೆಂಡು ಮೊದಲ ಸಲ ಬೇಲಿ ದಾಟಿ ಅವರ ಹತ್ತಿರವೇ ಬಿತ್ತು. ನಮ್ಮಲ್ಲಿ ಚೆಂಡುಗಳು ಕಡಿಮೆ. ಟೆರಿ ಬೇಲಿ ದಾಟಿ ಕೇಳಲು ಹೋದ. ಚಿಕ್ಕಪ್ಪ ಬ್ಯಾಟು ಹಿಡಿದೇ ನಗುತ್ತ ಬೇಸಿನಿಂದ ಬೇಸಿಗೆ ಓಡುತ್ತಿದ್ದ. ನಾನು ತಲೆ ತಗ್ಗಿಸಿ ಇಪ್ಪತ್ತನೆಯ ಬ್ಯಾಟು ಬರೆದೆ. ಹಾಗಾಗಿ ಬಾಟಲಿ ಟೆರಿಯ ತಲೆಗೆ ಬಿದ್ದದ್ದನ್ನು ನಾನು ನೋಡಲಿಲ್ಲ. ಸದ್ದು ಮಾತ್ರ ಕೇಳಿದೆ. ತಲೆ ಎತ್ತಿದಾಗ ಅವನು ಹುಲ್ಲಿನ ಮೇಲೆ ಪಕ್ಕಕ್ಕೆ ಮಲಗಿದ್ದ. ಇಬ್ಬರು ಒದೆಯುತ್ತಿದ್ದರು, ಒಬ್ಬ ಬೆನ್ನಿಗೆ, ಒಬ್ಬ ಮುಖಕ್ಕೆ. ಮುಖಕ್ಕೆ ಒದ್ದದ್ದು ನಾಲ್ಕು ಸಲ. ಉಳಿದ ಆಟಗಾರರು ಮೈದಾನದ ಆ ತುದಿಯಲ್ಲಿದ್ದರು. ಚಿಕ್ಕಪ್ಪ ಬೇಸಿನಿಂದ ನೇರ ಅತ್ತ ತಿರುಗಿದ. ಎಲ್ಲೂ ನಿಲ್ಲಲಿಲ್ಲ, ಬಗ್ಗಲಿಲ್ಲ. ಬೇಲಿ ಹಾರಿ ಒಂದೇ ಸಲ ಬೀಸಿದ. ಮುಖಕ್ಕೆ ಒದೆಯುತ್ತಿದ್ದವನ ದವಡೆ ಒಡೆಯಿತು. ಒಣ ಕಡ್ಡಿ ಮುರಿದಂಥ ಸದ್ದು. ಆಮೇಲೆ ಆ ಹುಡುಗ ಬಾಯಿಗೆ ಎರಡೂ ಕೈ ಹಿಡಿದು ಕೂತ, ಬೆರಳುಗಳ ನಡುವಿನಿಂದ ರಕ್ತ ಇಳಿಯಿತು. ಚಿಕ್ಕಪ್ಪ ಆಗ ಬ್ಯಾಟನ್ನು ಬಿಟ್ಟ.

ಎರಡು ದಿನದ ಮೇಲೆ ಪೊಲೀಸಿನ ಹೆಂಗಸೊಬ್ಬರು ಮನೆಗೆ ಬಂದರು. ಮೆಲುದನಿಯವರು. ಸೋಫಾದಲ್ಲಿ ಅಪ್ಪ ನನ್ನ ಪಕ್ಕ ಕೂತಿದ್ದ. ಚೆಂಡು ಹೊಡೆದ ಮೇಲೆ ಚಿಕ್ಕಪ್ಪ ಬ್ಯಾಟನ್ನು ಏನು ಮಾಡಿದರು ಎಂದು ಅವರು ಕೇಳಿದರು. ನನಗೆ ಹನ್ನೊಂದು. ಬ್ಯಾಟು ಹಿಡಿದು ಓಡುವುದು ತಪ್ಪು, ತಪ್ಪಿಗೆ ದಂಡ, ಅಷ್ಟೇ ನನಗೆ ಗೊತ್ತಿದ್ದದ್ದು. ಚಿಕ್ಕಪ್ಪನ ಮೇಲೆ ಇನ್ನೊಂದು ತಪ್ಪು ಬೀಳಬಾರದೆಂದು, "ಅಲ್ಲೇ ಬಿಟ್ಟು ಓಡಿದರು, ಎಲ್ಲರ ಹಾಗೆ," ಎಂದೆ. ಅವರು ಬರೆದುಕೊಂಡರು. ಆ ಸಂಜೆ ಸ್ಕೋರ್‌ಬುಕ್ಕನ್ನು ಆಲೂಗೆಡ್ಡೆ ಸಿಪ್ಪೆಯ ಕೆಳಗೆ ಕಸದ ಬಿನ್ನಿಗೆ ತುರುಕಿದೆ. ಬೆಳಿಗ್ಗೆ ಕಸದ ಲಾರಿ ಬಂದಿತು.

ಬಿಟ್ಟು ಓಡಿದವನ ಕೈಗೆ ಬ್ಯಾಟು ಬರಬೇಕಾದರೆ ಅವನು ಹಿಂದಿರುಗಿ ಎತ್ತಿಕೊಂಡಿರಬೇಕು. ಹೊಡೆಯಲೆಂದೇ ಎತ್ತಿಕೊಂಡಿರಬೇಕು. ನ್ಯಾಯಾಲಯ ಕೇಳಿದ್ದು ಅಷ್ಟೇ. ನನ್ನ ಕೈಯಲ್ಲೇ ಇತ್ತು ಎಂದು ಚಿಕ್ಕಪ್ಪ ಹೇಳಿದರೆ, ನಿಮ್ಮ ಅಣ್ಣನ ಮಗಳೇ ಬೇರೆ ಹೇಳಿದ್ದಾಳಲ್ಲ ಎಂದರು ಎದುರಿನ ವಕೀಲರು. ತಂಡದವರ ಮಾತು ಗೆಳೆಯರ ಮಾತಾಯಿತು. ಟೆರಿ ಬದುಕಿದ, ಆದರೆ ಆ ಬೇಸಿಗೆಯೇ ಅವನ ತಲೆಯಿಂದ ಅಳಿಸಿಹೋಗಿತ್ತು. "ಆ ಸ್ಕೋರ್‌ಬುಕ್ ಎಲ್ಲಿ ಪುಟ್ಟಿ?" ಎಂದು ಅಮ್ಮ ಕೇಳಿದಾಗ ನಾನು ಗೊತ್ತಿಲ್ಲ ಎಂದೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಚಿಕ್ಕಪ್ಪ ಎರಡು ವರ್ಷ ಜೈಲಿನಲ್ಲಿದ್ದು, ಓದು ಮುಗಿಸದೆ ಮೈಸೂರಿಗೆ ಮರಳಿದ. ಒಂಬತ್ತನೆಯವನು ಸಿಗದೆ ತಂಡ ಮುಗಿಯಿತು. ಟೆರಿ ಭಾನುವಾರಗಳಲ್ಲಿ ನಮ್ಮ ಮನೆಗೆ ಬಂದು, ಇಲ್ಲಿಗೆ ಯಾಕೆ ಬಂದೆನೆಂದು ತಿಳಿಯದೆ ಟೀ ಕುಡಿದು ಹೋಗುತ್ತಿದ್ದ. ಆಮೇಲೆ ಅಪ್ಪ ಆ ಮನೆ ಮಾರಿದ.

ಮೂವತ್ತು ದಾಟಿದ ಮೇಲೆ ಮೈಸೂರಿಗೆ ಹೋಗಿ ಚಿಕ್ಕಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ತನ್ನ ಅಂಗೈ ನೋಡಿಕೊಂಡ.

"ಎಷ್ಟು ಬರೆದಿದ್ದೆ?"

"ಇಪ್ಪತ್ತು."

"ಅತ್ತಿಗೆ ಹತ್ತೊಂಬತ್ತು ತಟ್ಟೆ ಬೋಂಡಾ ಕರಿದರು," ಎಂದ. "ಒಂದು ಬಾಕಿ ಉಳೀತು ನೋಡು."

ನಗುತ್ತಾನೆಂದು ಕಾದೆ. ಅವನು ಎದ್ದು ಕಿಟಕಿಯ ಬಳಿ ಹೋಗಿ ನನಗೆ ಬೆನ್ನು ಮಾಡಿ ನಿಂತ.

ತಂಡದ ಚೀಲದಲ್ಲೇ ಉಳಿದ ಅವನ ಕೈಗವಸು ಈಗ ನನ್ನ ಬಳಿ ಇದೆ. ವರ್ಷಕ್ಕೊಮ್ಮೆ ತೆಂಗಿನೆಣ್ಣೆ ಹಚ್ಚಿ ಬಿಸಿಲಿಗಿಡುತ್ತೇನೆ. ಅದರ ಬೆರಳುಗಳು ಇಂದಿಗೂ ಅವನ ಬೆರಳುಗಳ ಆಕಾರದಲ್ಲೇ ಬಾಗಿವೆ.