ಗುಡುಗುವ ಮುನ್ನ ಕೀಳಬೇಕಾದ ತಂತಿ

ನಮ್ಮ ನಡುಮನೆಯ ಮೂಲೆಯಲ್ಲಿ ಕಂಪ್ಯೂಟರು ಅಜ್ಜಿಯ ಹಳೆಯ ನೂಲಿನ ಸೀರೆಯ ತುಂಡೊಂದನ್ನು ಹೊದ್ದು ಕೂತಿರುತ್ತದೆ. ಧೂಳಿಗೆ ಅಷ್ಟು ಸಾಕು. ಸಿಡಿಲಿಗೆ? ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಿದೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳಿಗೆ ಪ್ರಶ್ನೆಗಿಂತ ಮೊದಲೇ ಉತ್ತರ ಹುಟ್ಟುವ ರೋಗವಿರುತ್ತದೆ. ಸ್ಟೆಬಿಲೈಸರು ಕರೆಂಟಿನ ಏರಿಳಿತವನ್ನು ಸಂತೈಸೀತು, ಹತ್ತಿರ ಬಿದ್ದ ಸಿಡಿಲಿನೆದುರು ಅದೂ ಒಂದು ಡಬ್ಬ. ಮೋಡ ತಲೆಯ ಮೇಲೆ ಬರುವ ಮೊದಲೇ ಪ್ಲಗ್ಗು ಕಿತ್ತಿಡುವುದೊಂದೇ ನೆಚ್ಚಬಹುದಾದ ದಾರಿ.

ಹೋದ ವರ್ಷ ಕಿತ್ತಿಟ್ಟು ಹೆಮ್ಮೆಯಿಂದಲೇ ಕೂತಿದ್ದೆವು. ಸಿಡಿಲು ಟೆಲಿಫೋನ್ ತಂತಿಯಲ್ಲಿ ಬಂದು ಮೋಡೆಮನ್ನು ಸುಟ್ಟುಹಾಕಿತು. ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಬುದ್ಧಿವಂತರು ನಾವು. ಹೊಸ ಮೋಡೆಮ್ ತಂದ ಅಪ್ಪ ಅಂದೇ ತೀರ್ಪು ಕೊಟ್ಟರು: "ಇನ್ನೊಂದ್ಸಲ ಸುಟ್ಕಂಡ್ರೆ ಈ ಕಂಪ್ಯೂಟ್ರು ಅಟ್ಟಕ್ಕೆ ಹೋಯ್ತದೆ. ಆಮೇಲೆ ನನ್ ಹತ್ರ ವಾದಕ್ಕೆ ಬರ್ಬೇಡ."

ಕಷ್ಟವೇನೆಂದರೆ, ಇಲ್ಲಿ ಸಿಡಿಲು ಮಳೆಯೆಂಬ ನೆಂಟನ ಜೊತೆಯಲ್ಲಿ ಬರುತ್ತದೆ. ನಮ್ಮ ಪಾಳ್ಯದ ಕಡೆ ನಾಲ್ಕು ಕಾಫಿ ಗಿಡ ಇದ್ದವರೆಲ್ಲ ಶಿವರಾತ್ರಿ ಕಳೆದ ಮೇಲೆ ಆಕಾಶ ನೋಡುವವರೇ. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಮೊಗ್ಗು ಒಣಗುತ್ತದೆ. ಬಂದರೆ ಗುಡುಗಿಕೊಂಡೇ ಬರುತ್ತದೆ. ಊರಿಗೆ ಊರೇ ಮಳೆ ಬೇಡುವಾಗ, ಇವತ್ತೊಂದು ದಿನ ಬೇಡಪ್ಪ ಎಂದು ಒಳಗೊಳಗೇ ಗೊಣಗುವ ದ್ರೋಹಿಯೊಬ್ಬಳು ಇದ್ದಳೆಂದರೆ ಅದು ನಾನು.

ಈ ವರ್ಷ ಹೂಮಳೆ ಬಂದ ಮಧ್ಯಾಹ್ನ ನಾನು ಸಕಲೇಶಪುರದ ಕಾಲೇಜಿನಲ್ಲಿದ್ದೆ. ಅಪ್ಪ, ಅಮ್ಮ ಆಲೂರಿನಲ್ಲಿ ಒಂದು ಮದುವೆಗೆ ಹೋಗಿದ್ದರು. ಮನೆಯಲ್ಲಿ ಅಜ್ಜಿ ಒಬ್ಬಳೇ. ಮಿಂಚಿದರೆ ಸ್ವಿಚ್ಚನ್ನೂ ಮುಟ್ಟದವಳು. ಊರಿನ ದಿಕ್ಕು ಕಪ್ಪಾಗುತ್ತಿದ್ದುದನ್ನು ಕಂಡು ಬಸ್ ಸ್ಟ್ಯಾಂಡಿನ ಕಾಯಿನ್ ಬಾಕ್ಸಿಗೆ ಓಡಿ ಮನೆಗೆ ಫೋನ್ ಮಾಡಿದೆ. ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನೀವೇ ಯೋಚಿಸಿ: ಮನೆಯಲ್ಲಿ ತಂತಿ ಕಿತ್ತಿಟ್ಟಿದ್ದರೂ ಕರೆದವರ ಕಿವಿಗೆ ಗಂಟೆ ಕೇಳಿಸುತ್ತದೆ, ಅಜ್ಜಿ ಹೆದರಿ ಒಳಕೋಣೆ ಸೇರಿದ್ದರೂ ಹೀಗೆಯೇ ಕೇಳಿಸುತ್ತದೆ. ಎರಡೂ ಪಕ್ಷಕ್ಕೆ ಸಮನಾಗಿ ಸಾಕ್ಷಿ ಹೇಳುವ ಮೌನದಷ್ಟು ಕಿರುಕುಳ ಇನ್ನೊಂದಿಲ್ಲ.

ಬಸ್ಸು ಬಾಳ್ಳುಪೇಟೆ ದಾಟುವಷ್ಟರಲ್ಲಿ ಹನಿ ಬಿತ್ತು. ಪಕ್ಕದ ಸೀಟಿನ ಹಿರಿಯರು ಕಿಟಕಿಯಾಚೆ ಅಂಗೈ ಒಡ್ಡಿದರು. "ಬಂದೇ ಬುಡ್ತು ಕಣವ್ವ."

"ಗುಡುಗೂ ಐತಲ್ಲ" ಎಂದೆ.

"ಗುಡುಗ್ದೆ ಹೂಮಳೆ ಯಾವಾಗ ಬಂದೈತೆ ಮಾರಾಯ್ತಿ? ನಿಂಗೆ ಮಳೆನೂ ಸೋಸಿ ಕೊಡ್ಬೇಕಾ?"

ಮನೆ ಸೇರಿದಾಗ ಗುಡುಗು ದೂರ ಸರಿದು ಬರೀ ಮಳೆ ಉಳಿದಿತ್ತು. ಅಜ್ಜಿ ಬಾಗಿಲಲ್ಲೇ ಕೂತಿದ್ದಳು. ಒಳಗೆ ಕಂಪ್ಯೂಟರಿನದು, ಟೆಲಿಫೋನಿನದು, ಟಿ.ವಿ.ಯದು, ಕೊನೆಗೆ ಮಿಕ್ಸಿಯದೂ, ಒಂದೊಂದು ತಂತಿಯೂ ಗೋಡೆ ಬಿಟ್ಟು ನೆಲದಲ್ಲಿ ಮಲಗಿತ್ತು.

"ಮಿಕ್ಸಿ ಯಾಕಜ್ಜಿ?"

"ಅದೇನ್ ಪಾಪ ಮಾಡೈತೆ?"

"ಹೆದ್ರಿಕೆ ಆಗ್ಲಿಲ್ವಾ?"

"ಆಗ್ದೆ ಇರ್ತದಾ? ದೂರದಾಗೆ ಗುಡುಗ್ತಿದ್ದಂಗೆ ಅರ್ಜುನನ ಹೆಸರು ಹೇಳ್ಕಂಡು ಒಂದೊಂದೇ ಕಿತ್ತೆ."

ಗುಡುಗಿದರೆ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳುವ ನಂಬಿಕೆ ನಿಮಗೂ ಗೊತ್ತು. ನನ್ನ ನಾಲಿಗೆ ಸುಮ್ಮನಿದ್ದೀತೇ? "ಮೋಡೆಮ್ ಉಳಿದಿದ್ದು ವೈರ್ ಕಿತ್ತಿದ್ದಕ್ಕೆ. ಅರ್ಜುನಂಗೂ ಅದಕ್ಕೂ ಏನ್ ಸಂಬಂಧ?"

"ಕಿತ್ತೋಳು ಯಾರೇ, ಲಾಯರಮ್ಮ? ಯಾವ್ದು ಕೀಳ್ಬೇಕು ಅಂತ ನೀನು ವರ್ಸ ಪೂರ್ತಿ ಹೇಳಿದ್ದೆ, ಸರಿ. ಕೈ ಮುಂದಕ್ ಹೋಗಂಗೆ ಏನಾರ ಹೇಳಿದ್ಯಾ?"

ಹೇಳಿರಲಿಲ್ಲ. ಸಿಡಿಲಿನ ದಾರಿಗಳನ್ನೆಲ್ಲ ವಿವರಿಸಿದ್ದ ನನ್ನ ತರ್ಕದಲ್ಲಿ, ಒಬ್ಬಳೇ ಇರುವ ಮುದುಕಿಯ ಭಯಕ್ಕೆ ಒಂದು ಸಾಲಿನ ಜಾಗವೂ ಇರಲಿಲ್ಲ. ಆ ಹೆಸರುಗಳು ಸಿಡಿಲನ್ನು ತಡೆಯುತ್ತವೆಂದು ಈಗಲೂ ನಾನು ಒಪ್ಪುವುದಿಲ್ಲ. ಅವು ತಡೆದದ್ದು ಕೈಯ ನಡುಕವನ್ನು. ಅದು ನಡೆದದ್ದಂತೂ ನಮ್ಮ ಮನೆಯಲ್ಲೇ.

ಸಂಜೆ ಆಕಾಶ ತಿಳಿಯಾದ ಮೇಲೆ ತಂತಿಗಳನ್ನು ಸಿಕ್ಕಿಸಿದೆ. ಮೋಡೆಮ್ ಕಿರುಗುಟ್ಟಿ, ಕೀರಲಿಟ್ಟು, ಜೀವ ತಳೆಯಿತು. ಆ ಗದ್ದಲಕ್ಕೆ ಅಜ್ಜಿ ಬಂದು ಇಣುಕಿದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪಕ್ಕಕ್ಕೆ ನಿಂತು, "ಆ ಹತ್ತೂ ಹೆಸರು ಹೇಳು, ಟೈಪ್ ಮಾಡ್ತೀನಿ" ಎಂದೆ. ಆರನೆಯದಕ್ಕೆ ತಡವರಿಸಿದಳು. ನಾನು ವಾದಿಸಲಿಲ್ಲ, ಕಾದೆ.